ಲಡ್ಲೋ ಪಟ್ಟಣ ಮತ್ತು ಶ್ರಾಪ್‌ಶೈರ್ ಬೆಟ್ಟಸೀಮೆ: ಹಿರಿಯರೊಂದಿಗೆ, ಕಾರಿಲ್ಲದೆ ನೋಡುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ನಿಮಿತ್ತ ಕಾವೆಂಟ್ರಿಯಲ್ಲಿ ನೆಲೆಸಿದ್ದೇನೆ. ಬರುವ ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುವವರಿದ್ದಾರೆ. ಲಂಡನ್, ಆಕ್ಸ್‌ಫರ್ಡ್, ಸ್ಟ್ರಾಟ್‌ಫರ್ಡ್‌ಗಳನ್ನು ಎಲ್ಲರೂ ತೋರಿಸುವಂತೆ ನಾನೂ ತೋರಿಸುತ್ತೇನೆ. ಆದರೆ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಅಪ್ಪನ ಆಸೆ ಬೇರೆಯದು. ರಾಜಧಾನಿಯೂ ಅಲ್ಲದ, ವಿಶ್ವವಿದ್ಯಾಲಯದ ಹೆಸರೂ ಇಲ್ಲದ, ಸುತ್ತಲಿನ ಹಳ್ಳಿಯವರು ಸಂತೆಗೆ ಬಂದು ಹೋಗುವುದರಿಂದಲೇ ಬೆಳೆದು ಇಂದಿಗೂ ಸಂತೆಯನ್ನು ಬಿಡದಿರುವ ಒಂದು ಇಂಗ್ಲಿಷ್ ಊರನ್ನು, ಅದನ್ನು ಸಾಕಿದ ಹೊಲ, ಬೆಟ್ಟ, ಹೊಳೆಗಳ ಸಮೇತ ನೋಡಬೇಕು ಎಂದು ಅವರು ಫೋನಿನಲ್ಲಿ ಮಾತನಾಡಿದಾಗಲೆಲ್ಲ ಹೇಳುತ್ತಾರೆ.

ವಿಚಾರಿಸಿದಾಗ ಕೆಲವರು ಕಾಟ್ಸ್‌ವೋಲ್ಡ್ಸ್ ಸೀಮೆಯ ಊರುಗಳನ್ನು ಸೂಚಿಸಿದರು, ಒಬ್ಬರು ಮಾತ್ರ ಶ್ರಾಪ್‌ಶೈರ್‌ನ ಲಡ್ಲೋ ಎಂದರು. ನಕ್ಷೆಯಲ್ಲಿ ನೋಡಿದಾಗ ರೈಲು ನಿಲ್ದಾಣ ಊರಿನೊಳಗೇ ಇರುವುದೂ, ವೇಲ್ಸ್ ಗಡಿ ಹತ್ತಿರವೇ ಇರುವುದೂ ಕಂಡು ಮನಸ್ಸು ಅತ್ತ ಹರಿದಿದೆ. ನನಗೆ ಕಾರು ಇಲ್ಲ. ಅಮ್ಮನಿಗೆ ಮಂಡಿನೋವಿದೆ, ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯಬಲ್ಲರು, ಕಡಿದಾದ ಏರು ಮತ್ತು ಬಹಳ ಮೆಟ್ಟಿಲುಗಳು ಆಗುವುದಿಲ್ಲ. ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಮೂರು ರಾತ್ರಿ ಅಲ್ಲೇ ಉಳಿಯುವಷ್ಟು ವಿಷಯ ಆ ಊರಿನಲ್ಲಿದೆಯೇ? ಊರಿನ ಹೊರಗೆ ಬಸ್ಸು ರೈಲುಗಳಲ್ಲಿ ಎಲ್ಲಿಯವರೆಗೆ ಹೋಗಿಬರಬಹುದು? ನೋಡಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಗಡಿನಾಡು

ನಾನು ಹಲವು ವರ್ಷ ಹೆರೆಫರ್ಡ್‌ನಲ್ಲಿದ್ದವನು. ಲಡ್ಲೋ ನನಗೆ ಬಹಳ ಪ್ರಿಯವಾದ ಊರು. ನಿಮ್ಮ ತಂದೆಯವರು ಕೇಳುತ್ತಿರುವುದಕ್ಕೆ ಇದಕ್ಕಿಂತ ಹೊಂದುವ ಊರು ಇಂಗ್ಲೆಂಡಿನಲ್ಲಿ ಹೆಚ್ಚಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಟ್ಸ್‌ವೋಲ್ಡ್ಸ್ ಊರುಗಳು ಸುಂದರವಾಗಿವೆ, ನಿಜ. ಆದರೆ ಅಲ್ಲಿ ಹಲವು ಕಡೆ ಸಂತೆಮಾಳ ವಾಹನ ನಿಲ್ಲಿಸುವ ಜಾಗವಾಗಿ ಉಳಿದಿದೆ. ಲಡ್ಲೋದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಮತ್ತು ಶನಿವಾರ ಕೋಟೆಯ ಮುಂದಿನ ಚೌಕದಲ್ಲಿ ಈಗಲೂ ಅಂಗಡಿಗಳು ಹೂಡುತ್ತವೆ. ತರಕಾರಿ, ಬ್ರೆಡ್ಡು, ಚೀಸು, ಹೂವಿನ ಸಸಿಗಳನ್ನು ಊರಿನವರೇ ಬಂದು ಕೊಳ್ಳುತ್ತಾರೆ. ಪ್ರವಾಸಿಗಳಿಲ್ಲದ ಮಳೆಗಾಲದ ಬೆಳಿಗ್ಗೆಯೂ ಅದು ನಡೆಯುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಆದ್ದರಿಂದ ಮೊದಲು ಸಂತೆಯ ದಿನವನ್ನು ನೋಡಿಕೊಂಡು, ಆಮೇಲೆ ಕೋಣೆ ಕಾಯ್ದಿರಿಸಿ.

ಊರನ್ನು ನೋಡುವ ಮೊದಲು ಅದು ಕಟ್ಟಿದ ಊರು, ತಾನಾಗಿ ಬೆಳೆದ ಹಳ್ಳಿಯಲ್ಲ ಎಂಬುದನ್ನು ತಂದೆಯವರಿಗೆ ಹೇಳಿ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, 11ನೆಯ ಶತಮಾನದ ಕೊನೆಯ ಭಾಗದಲ್ಲಿ, ಲೇಸಿ ಮನೆತನದವರು ಟೀಮ್ ನದಿಯ ಮೇಲಿನ ದಿಣ್ಣೆಯಲ್ಲಿ ವೇಲ್ಸ್ ಗಡಿಯನ್ನು ಕಾಯಲು ಕೋಟೆ ಕಟ್ಟಿದರು. ಮುಂದಿನ ಶತಮಾನದಲ್ಲಿ ಕೋಟೆಯ ಬಾಗಿಲಿನಿಂದ ಪೂರ್ವಕ್ಕೆ ಬಹು ಅಗಲವಾದ ಒಂದು ಸಂತೆಬೀದಿಯನ್ನು ಎಳೆದು, ಅದರಿಂದ ದಕ್ಷಿಣಕ್ಕೆ ನದಿಯವರೆಗೆ ಮಿಲ್ ಸ್ಟ್ರೀಟ್, ಬ್ರಾಡ್ ಸ್ಟ್ರೀಟ್‌ಗಳಂಥ ನೇರ ಬೀದಿಗಳನ್ನು ಇಳಿಸಿದರು. ಬೀದಿಯ ಎರಡೂ ಬದಿಗೆ ಕಿರಿದಾದ ಮುಖ ಮತ್ತು ಉದ್ದನೆಯ ಹಿತ್ತಲುಗಳಿರುವ ನಿವೇಶನಗಳನ್ನು ಅಳೆದು ಕೊಟ್ಟರು. ಆ ಅಳತೆ ಇಂದಿಗೂ ಅಳಿಸಿಹೋಗಿಲ್ಲ. ಮನೆಗಳು ಎಷ್ಟೋ ಸಲ ಬದಲಾಗಿದ್ದರೂ ಹಿತ್ತಲಿನ ಗೋಡೆಗಳು ಅದೇ ಗೆರೆಯಲ್ಲಿವೆ.

ಅಗಲವಾದ ಆ ಸಂತೆಬೀದಿ ಈಗ ಪೂರ್ತಿಯಾಗಿ ಕಾಣುವುದಿಲ್ಲ. ಸಂತೆಯ ದಿನ ಹೂಡಿ ಸಂಜೆ ಕೀಳಬೇಕಾಗಿದ್ದ ಅಂಗಡಿಗಳು ಕಾಲಕ್ರಮದಲ್ಲಿ ಕೀಳದೆ ಉಳಿದವು, ಮರದ ಕಟ್ಟೋಣಗಳಾದವು, ಕೊನೆಗೆ ಸಾಲುಮನೆಗಳೇ ಆದವು. ಚೌಕದ ಪೂರ್ವಕ್ಕೆ ಚರ್ಚ್ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್, ಹಾರ್ಪ್ ಲೇನ್ ಎಂಬ ಇಕ್ಕಟ್ಟಾದ ಓಣಿಗಳಲ್ಲಿ ನಡೆಯುವಾಗ ನೀವು ನಡೆಯುತ್ತಿರುವುದು ಹಳೆಯ ಸಂತೆಮಾಳದ ನಡುವೆಯೇ. ಇತಿಹಾಸದ ಮೇಷ್ಟರಿಗೆ ಇದನ್ನು ತೋರಿಸಿದರೆ ಅವರಿಗೆ ಎಷ್ಟು ಸಂತೋಷವಾಗುತ್ತದೆಂದು ನಾನು ಊಹಿಸಬಲ್ಲೆ, ಏಕೆಂದರೆ ಊರು ಬೆಳೆದ ಬಗೆಯನ್ನು ಯಾವ ಫಲಕದ ನೆರವೂ ಇಲ್ಲದೆ ಕಣ್ಣಿನಿಂದಲೇ ಓದಬಹುದಾದ ಸ್ಥಳಗಳು ವಿರಳ.

ಬ್ರಾಡ್ ಸ್ಟ್ರೀಟ್‌ನ ತುದಿಯಲ್ಲಿ 1740ರ ದಶಕದ ಬಟರ್‌ಕ್ರಾಸ್ ಕಟ್ಟಡವಿದೆ. ಅದರ ಕಮಾನುಗಳ ಕೆಳಗೆ ಬೆಣ್ಣೆಯ ವ್ಯಾಪಾರ ನಡೆಯುತ್ತಿತ್ತು. ಅಲ್ಲಿಂದ ಇಳಿಜಾರಾಗಿ ಸಾಗುವ ಬೀದಿಯಲ್ಲಿ ಮರದ ಚೌಕಟ್ಟಿನ ಹಳೆಯ ಮನೆಗಳೂ 18ನೆಯ ಶತಮಾನದ ಇಟ್ಟಿಗೆಯ ಮನೆಗಳೂ ಒತ್ತಾಗಿ ನಿಂತಿವೆ. ಕೆಳಗೆ ಬ್ರಾಡ್ ಗೇಟ್ ಇದೆ. ಊರಿನ ಮಧ್ಯಯುಗದ ಹೆಬ್ಬಾಗಿಲುಗಳಲ್ಲಿ ಉಳಿದಿರುವುದು ಇದೊಂದೇ. ಅದರ ಮೇಲೆ ಒಂದು ಮನೆಯನ್ನೇ ಕಟ್ಟಿಕೊಂಡಿದ್ದಾರೆ. ಕೋರ್ವ್ ಸ್ಟ್ರೀಟ್ ಕಡೆ, ಬುಲ್ ರಿಂಗ್‌ನಲ್ಲಿ, 1619ರ ಫೆದರ್ಸ್ ಎಂಬ ಮರಗೆತ್ತನೆಯ ಕಟ್ಟಡವನ್ನು ಹೊರಗಿನಿಂದ ನೋಡಿದರೂ ಸಾಕು.

ಕೋಟೆಗೆ ಅರ್ಧ ದಿನ ಇಟ್ಟುಕೊಳ್ಳಿ. ಅದು ಬಹುತೇಕ ಮೇಲ್ಛಾವಣಿಯಿಲ್ಲದ ಪಾಳುಕೋಟೆ, ಆದರೆ ಗೋಡೆಗಳು ಎತ್ತರವಾಗಿ ನಿಂತಿವೆ. ಒಳಗಣ ಅಂಗಳದಲ್ಲಿ ವೃತ್ತಾಕಾರದ ಒಂದು ಪ್ರಾರ್ಥನಾ ಮಂದಿರವಿದೆ, 12ನೆಯ ಶತಮಾನದ್ದು; ಅಂಥ ದುಂಡನೆಯ ಕಟ್ಟಡಗಳು ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. 1483ರ ಏಪ್ರಿಲ್‌ನಲ್ಲಿ ತಂದೆ ನಾಲ್ಕನೆಯ ಎಡ್ವರ್ಡ್ ಸತ್ತ ಸುದ್ದಿ ಹನ್ನೆರಡು ವರ್ಷದ ರಾಜಕುಮಾರನಿಗೆ ಮುಟ್ಟಿದ್ದು ಈ ಕೋಟೆಯಲ್ಲಿ. ಐದನೆಯ ಎಡ್ವರ್ಡ್ ಎಂಬ ಹೆಸರಿನಿಂದ ಲಂಡನ್ನಿಗೆ ಹೊರಟ ಆ ಹುಡುಗ ತಮ್ಮನೊಡನೆ ಲಂಡನ್ ಟವರ್‌ನಲ್ಲಿ ಕಣ್ಮರೆಯಾದ. ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ ಹೊಸದಾಗಿ ಮದುವೆಯಾದ ಕ್ಯಾಥರೀನ್‌ಳೊಂದಿಗೆ ಇಲ್ಲಿಗೆ ಬಂದು, 1502ರ ಏಪ್ರಿಲ್‌ನಲ್ಲಿ ಇಲ್ಲಿಯೇ ತೀರಿಕೊಂಡ. ವಿಧವೆಯಾದ ಅವಳನ್ನು ಅವನ ತಮ್ಮ ಎಂಟನೆಯ ಹೆನ್ರಿ ಮದುವೆಯಾದದ್ದು, ಮುಂದೆ ಆ ಮದುವೆಯನ್ನು ರದ್ದುಮಾಡಿಸಲು ಹೋಗಿ ರೋಮಿನ ಚರ್ಚಿನೊಂದಿಗಿನ ಸಂಬಂಧವನ್ನೇ ಕಡಿದುಕೊಂಡದ್ದು ನಿಮ್ಮ ತಂದೆಯವರು ಪಾಠ ಮಾಡಿರಬಹುದಾದ ಸಂಗತಿ. 1689ರವರೆಗೂ ವೇಲ್ಸ್ ಮತ್ತು ಗಡಿಸೀಮೆಯ ಆಡಳಿತ ಮಂಡಳಿ ಈ ಕೋಟೆಯಿಂದ ಕೆಲಸ ಮಾಡುತ್ತಿತ್ತು. ಸಂತೆಯ ಊರಿಗೆ ವಕೀಲರು, ಗುಮಾಸ್ತರು, ಛತ್ರಗಳು ಬಂದದ್ದು ಆ ಕಾರಣದಿಂದ.

ಸೇಂಟ್ ಲಾರೆನ್ಸ್ ಚರ್ಚನ್ನು ತಪ್ಪಿಸಬೇಡಿ. ಅದರ ಗೋಪುರಕ್ಕೆ ಸುಮಾರು 200 ಮೆಟ್ಟಿಲುಗಳಿವೆ, ಅಮ್ಮನವರಿಗೆ ಅದು ಬೇಡ. ಆದರೆ ಕೆಳಗೆ, ಹಾಡುವವರ ಸ್ಥಳದಲ್ಲಿ, ಮಡಚುವ ಮರದ ಆಸನಗಳ ಅಡಿಯಲ್ಲಿ 15ನೆಯ ಶತಮಾನದ ಕೆತ್ತನೆಗಳಿವೆ. ದೀರ್ಘ ಪ್ರಾರ್ಥನೆಯಲ್ಲಿ ನಿಂತವರು ಸ್ವಲ್ಪ ಒರಗಿಕೊಳ್ಳಲೆಂದು ಮಾಡಿದ ಚಿಕ್ಕ ಹಲಗೆಗಳವು. ಅವುಗಳಲ್ಲೊಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳನ್ನು ದೆವ್ವಗಳು ನರಕಕ್ಕೆ ಹೊತ್ತೊಯ್ಯುತ್ತಿವೆ. ಸಂತೆಯ ಊರಿನ ಚರ್ಚಿಗೆ ತಕ್ಕ ಶಿಲ್ಪವೆಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ರೈಲಿನ ವಿಷಯ: ಕಾವೆಂಟ್ರಿಯಿಂದ ಬರ್ಮಿಂಗ್‌ಹ್ಯಾಮ್, ಅಲ್ಲಿಂದ ಶ್ರೂಸ್‌ಬರಿ, ಶ್ರೂಸ್‌ಬರಿಯಿಂದ ಅರ್ಧ ಗಂಟೆಯಲ್ಲಿ ಲಡ್ಲೋ. ನಿಲ್ದಾಣದಿಂದ ಊರಿನ ನಡುವಿಗೆ ದೂರವಿಲ್ಲ, ಆದರೆ ಏರು ದಾರಿ. ಸಾಮಾನು ಮತ್ತು ಅಮ್ಮನವರ ಮಂಡಿಯನ್ನು ನೆನೆದು ಮೊದಲೇ ಟ್ಯಾಕ್ಸಿ ಹೇಳಿಡಿ.

ಶಿಲಾಪಥ

ಗಡಿನಾಡು ಅವರು ಊರಿನ ಬಗ್ಗೆ ಇಷ್ಟು ಚೆನ್ನಾಗಿ ಬರೆದ ಮೇಲೆ ನಾನು ಊರಿನ ಹೊರಗಿನದನ್ನು ಮಾತ್ರ ಹೇಳುತ್ತೇನೆ. ನಾನು ಭೂವಿಜ್ಞಾನ ಓದಿದವಳು. ನನ್ನ ವಿಷಯದವರಿಗೆ ಲಡ್ಲೋ ಕ್ಷೇತ್ರವೇ ಸರಿ. ಭೂಮಿಯ ಇತಿಹಾಸದಲ್ಲಿ ಸಿಲೂರಿಯನ್ ಎಂದು ಕರೆಯುವ ಯುಗದ ಒಂದು ಭಾಗಕ್ಕೆ, ಸುಮಾರು 42.7 ಕೋಟಿಯಿಂದ 42.3 ಕೋಟಿ ವರ್ಷಗಳ ಹಿಂದಿನ ಅವಧಿಗೆ, ಜಗತ್ತಿನಾದ್ಯಂತ ಈ ಚಿಕ್ಕ ಊರಿನ ಹೆಸರೇ ಇದೆ. ರಾಡರಿಕ್ ಮರ್ಚಿಸನ್ 1830ರ ದಶಕದಲ್ಲಿ ಈ ಸೀಮೆಯ ಬಂಡೆಗಳನ್ನು ಅಭ್ಯಾಸ ಮಾಡಿ ಆ ಯುಗದ ಪದರಗಳನ್ನು ಕ್ರಮಕ್ಕೆ ತಂದ. ಅವನಿಗೆ ಜಾಗಗಳನ್ನು ತೋರಿಸಿ, ಪದರಗಳ ಕ್ರಮವನ್ನು ವಿವರಿಸಿದವರಲ್ಲಿ ಹತ್ತಿರದ ಏಮ್‌ಸ್ಟ್ರೀ ಹಳ್ಳಿಯ ಪಾದ್ರಿ ಥಾಮಸ್ ಟೇಲರ್ ಲೂಯಿಸ್ ಮುಖ್ಯನಾದವನು. ಹಳ್ಳಿಯ ಪಾದ್ರಿಯೊಬ್ಬ ನಡೆದಾಡಿ ಕಂಡುಕೊಂಡ ತಿಳಿವು ಇದರ ಬುನಾದಿಯಲ್ಲಿದೆ ಎಂಬುದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಬ್ರಾಡ್ ಗೇಟ್ ದಾಟಿ ಕೆಳಗಿಳಿದರೆ ಮಧ್ಯಯುಗದ ಲಡ್‌ಫರ್ಡ್ ಸೇತುವೆ ಸಿಗುತ್ತದೆ. ಸೇತುವೆಯ ಆಚೆ, ರಸ್ತೆ ತಿರುಗುವ ಮೂಲೆಯ ಬಂಡೆಯಲ್ಲಿ ಒಂದು ತೆಳುವಾದ ಪದರವಿದೆ. ಅದರ ತುಂಬ ಪುರಾತನ ಮೀನುಗಳ ಹುರುಪೆ ಮತ್ತು ಮುಳ್ಳಿನ ಚೂರುಗಳು. ಅದೇ ಲಡ್‌ಫರ್ಡ್ ಓಣಿಯ ಬಂಡೆಯಲ್ಲಿ ನೆಲದ ಮೇಲೆ ಬದುಕಿದ ಪ್ರಾಣಿಗಳ ಅತಿ ಹಳೆಯ ಕುರುಹುಗಳಲ್ಲಿ ಕೆಲವು, ಜೇಡದ ಹತ್ತಿರದ ಸಂಬಂಧಿಯೊಂದೂ ಸೇರಿದಂತೆ, ದೊರೆತಿವೆ. 1990ರಲ್ಲಿ ಅದರ ವರದಿ ಪ್ರಕಟವಾಯಿತು. ಆ ಜಾಗ ಸಂರಕ್ಷಿತವಾದದ್ದು. ಸುತ್ತಿಗೆಯಿಂದ ಬಡಿಯುವುದಾಗಲಿ ಚೂರು ಕೀಳುವುದಾಗಲಿ ಖಂಡಿತ ಕೂಡದು, ಕಣ್ಣಿನಿಂದ ನೋಡಿ ಬರಬೇಕು. ನೀವು ಶಿವಮೊಗ್ಗದವರು. ನಿಮ್ಮ ಕಾಲಡಿಯ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು, ಚಿಪ್ಪು ಮೂಳೆಗಳುಳ್ಳ ಜೀವಿಗಳು ಹುಟ್ಟುವುದಕ್ಕೆ ಬಹಳ ಮೊದಲಿನವು. ಹಾಗಾಗಿ ಸಾಮಾನ್ಯ ರಸ್ತೆಬದಿಯ ಕಲ್ಲಿನಲ್ಲಿ ಸಮುದ್ರದ ಚಿಪ್ಪುಗಳನ್ನು ಕಾಣುವುದು ನಮ್ಮ ಕಡೆಯವರಿಗೆ ನಿಜಕ್ಕೂ ಹೊಸ ಅನುಭವ.

ಸೇತುವೆಯಿಂದ ನದಿಯ ಪಕ್ಕಕ್ಕೆ ಬ್ರೆಡ್‌ವಾಕ್ ಎಂಬ ಕಾಲುದಾರಿ ಡಿನ್ಹಮ್ ಸೇತುವೆಯತ್ತ ಹೋಗುತ್ತದೆ. ಅದನ್ನು ಮಾಡಿದ ಕೂಲಿಯವರಿಗೆ ಹಣ ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆಂದು ಬ್ರೆಡ್ಡನ್ನೇ ಕೂಲಿಯಾಗಿ ಕೊಟ್ಟರು ಎಂದು ಊರಿನವರು ಹೇಳುತ್ತಾರೆ. ಆ ದಾರಿ ಅಲ್ಲಲ್ಲಿ ಏರುಪೇರಾಗಿದೆ, ಮಳೆ ಬಿದ್ದರೆ ಜಾರುತ್ತದೆ. ಅಪ್ಪ ನಡೆಯಬಹುದು, ಅಮ್ಮ ಬೇಡ. ಅಮ್ಮನವರಿಗೆ ಡಿನ್ಹಮ್ ಸೇತುವೆಯ ಬಳಿ, ನದಿಗೆ ಅಡ್ಡವಾಗಿ ಕಟ್ಟಿದ ಹಳೆಯ ಒಡ್ಡಿನ ಪಕ್ಕದಲ್ಲಿ, ಕೋಟೆಯನ್ನು ನೋಡುತ್ತ ಕೂರಲು ಒಳ್ಳೆಯ ಜಾಗವಿದೆ. ಈ ಎರಡು ಸೇತುವೆಗಳ ಮೇಲಕ್ಕೆ ವಿಟ್‌ಕ್ಲಿಫ್ ಎಂಬ ಗೋಮಾಳವಿದೆ. ಊರಿನ ನಿವಾಸಿಗಳಿಗೆ ದನ ಮೇಯಿಸಲು, ಕಲ್ಲು ತೆಗೆಯಲು ಹಕ್ಕಿದ್ದ ಸಾಮೂಹಿಕ ಭೂಮಿಯದು. ಕೋಟೆ, ಚರ್ಚಿನ ಗೋಪುರ, ಹೆಂಚಿನ ಮಾಡುಗಳು, ಹಿಂದೆ ಕ್ಲೀ ಬೆಟ್ಟ, ಇಷ್ಟನ್ನೂ ಒಂದೇ ನೋಟದಲ್ಲಿ ಕಾಣಬೇಕಾದರೆ ಅಲ್ಲಿ ನಿಲ್ಲಬೇಕು. ಮೇಲಿನ ರಸ್ತೆಯವರೆಗೆ ಟ್ಯಾಕ್ಸಿಯಲ್ಲಿ ಹೋಗಿ ಸ್ವಲ್ಪವೇ ನಡೆದರೆ ಅಮ್ಮನವರೂ ನೋಡಬಹುದು.

ಆ ಕ್ಲೀ ಬೆಟ್ಟಗಳ ಬಗ್ಗೆ ಒಂದು ಮಾತು. ಟಿಟರ್‌ಸ್ಟೋನ್ ಕ್ಲೀ 533 ಮೀಟರ್ ಎತ್ತರ. ಅದರ ಜೋಡಿಯಾದ ಬ್ರೌನ್ ಕ್ಲೀ 540 ಮೀಟರ್, ಶ್ರಾಪ್‌ಶೈರ್‌ನ ಅತಿ ಎತ್ತರದ ಸ್ಥಳ. ಟಿಟರ್‌ಸ್ಟೋನ್‌ನ ಮೇಲ್ಭಾಗದಲ್ಲಿ ಡಾಲರೈಟ್ ಇದೆ, ನಮ್ಮಲ್ಲಿ ಕನಕಪುರ ಚಾಮರಾಜನಗರಗಳ ಕಡೆ ತೆಗೆಯುವ ಕರಿಕಲ್ಲಿನ ಜಾತಿಯ ಶಿಲೆ. ಸ್ಥಳೀಯರು ಅದನ್ನು ಧೂಸ್ಟೋನ್ ಎನ್ನುತ್ತಾರೆ. ರಸ್ತೆಗೆ ಹಾಸಲು ಅದನ್ನು ಒಡೆದು ಸಾಗಿಸುತ್ತಿದ್ದ ಗಣಿಗಳ ಪಾಳುಗೋಡೆಗಳು ಬೆಟ್ಟದ ಮೇಲೆ ಇನ್ನೂ ನಿಂತಿವೆ. ವಾಹನ ತುದಿಯ ಹತ್ತಿರದವರೆಗೆ ಹೋಗುತ್ತದೆ. ತಿಳಿಯಾದ ದಿನ ಪಶ್ಚಿಮಕ್ಕೆ ವೇಲ್ಸ್‌ನ ಪರ್ವತಗಳೂ ದಕ್ಷಿಣಕ್ಕೆ ಮಾಲ್ವರ್ನ್ ಬೆಟ್ಟಸಾಲೂ ಕಾಣುತ್ತವೆ. ಒಂದು ಮಧ್ಯಾಹ್ನಕ್ಕೆ ಟ್ಯಾಕ್ಸಿ ಗೊತ್ತುಮಾಡಿಕೊಳ್ಳುವುದಾದರೆ ಇದಕ್ಕೇ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ.

ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಬರಹಗಳನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಸಂತೆಬೀದಿ ಓಣಿಗಳಾದ ಸಂಗತಿಯನ್ನು ಎರಡು ಸಲ ಓದಿಸಿಕೊಂಡರು. ಅವರು ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ಶ್ರೀರಂಗಪಟ್ಟಣದಿಂದ ತಂದ ಟಿಪ್ಪು ಸುಲ್ತಾನನ ವಸ್ತುಗಳು ವೇಲ್ಸ್ ಗಡಿಯ ಒಂದು ಅರಮನೆಯಲ್ಲಿವೆ ಎಂದು ಅವರು ಹಿಂದೆ ಓದಿದ್ದರಂತೆ. ಆ ಸ್ಥಳ ಲಡ್ಲೋದಿಂದ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರವಿದೆಯೇ? ಊಟದ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಕಾವೇರಿದ್ವೀಪ

ತಂದೆಯವರು ಓದಿದ್ದು ಸರಿ. ಆ ಸ್ಥಳ ವೆಲ್ಷ್‌ಪೂಲ್ ಊರಿನ ಪೋವಿಸ್ ಕೋಟೆ. ನಾನು ಶ್ರೀರಂಗಪಟ್ಟಣದವನಾದ್ದರಿಂದ ಈ ವಿಷಯ ನನಗೆ ಮನಸ್ಸಿಗೆ ಹತ್ತಿರವಾದದ್ದು, ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಲಡ್ಲೋಗೂ ಅದಕ್ಕೂ ಇರುವ ನಂಟು ಕೇವಲ ದಾರಿಯದಲ್ಲ.

ಬಂಗಾಳದಲ್ಲಿ ಕಂಪನಿಯ ಆಳ್ವಿಕೆಗೆ ಅಡಿಪಾಯ ಹಾಕಿದ ರಾಬರ್ಟ್ ಕ್ಲೈವ್ ಶ್ರಾಪ್‌ಶೈರ್‌ನವನು. 1725ರಲ್ಲಿ ಮಾರ್ಕೆಟ್ ಡ್ರೇಟನ್ ಹತ್ತಿರ ಹುಟ್ಟಿದವನು. ಭಾರತದಲ್ಲಿ ಗಳಿಸಿದ ಅಪಾರ ಸಂಪತ್ತಿನಿಂದ ಅವನು ತನ್ನ ಕೌಂಟಿಯಲ್ಲಿ ಜಮೀನುಗಳನ್ನು ಕೊಂಡ. ಲಡ್ಲೋ ಪಕ್ಕದ ಬ್ರೊಮ್‌ಫೀಲ್ಡ್ ಬಳಿಯ ಓಕ್ಲಿ ಪಾರ್ಕ್ ಅವುಗಳಲ್ಲೊಂದು. ಅವನ ಮಗ ಎಡ್ವರ್ಡ್ ಕ್ಲೈವ್ 1774ರಿಂದ 1794ರವರೆಗೆ ಲಡ್ಲೋ ಕ್ಷೇತ್ರದಿಂದ ಸಂಸತ್ತಿನ ಸದಸ್ಯನಾಗಿದ್ದು, 1798ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹತನಾದಾಗ ಮದರಾಸಿನ ಅಧಿಕಾರ ಅವನ ಕೈಯಲ್ಲಿತ್ತು. ಮರುವರ್ಷ ಅವನ ಹೆಂಡತಿ ಹೆನ್ರಿಯೆಟ್ಟಾ ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣಗಳ ಮೂಲಕ ದೀರ್ಘ ಪ್ರವಾಸ ಮಾಡಿದಳು. ಹೆನ್ರಿಯೆಟ್ಟಾ ಪೋವಿಸ್ ಮನೆತನದ ಮಗಳು. ಆ ಮನೆತನದ ಗಂಡುಸಂತತಿ ನಿಂತ ಮೇಲೆ 1804ರಲ್ಲಿ ಎಡ್ವರ್ಡ್ ಕ್ಲೈವ್ ಪೋವಿಸ್‌ನ ಅರ್ಲ್ ಎಂಬ ಪದವಿ ಪಡೆದ. ಭಾರತದಿಂದ ತಂದ ವಸ್ತುಗಳು ಪೋವಿಸ್ ಕೋಟೆ ಸೇರಿದ್ದು ಹೀಗೆ.

ನಿಮ್ಮ ತಂದೆಯವರಿಗೆ ಹೇಳಲೇಬೇಕಾದ ಸಂಗತಿ ಇನ್ನೊಂದಿದೆ. 1811ರಲ್ಲಿ ಇದೇ ಎಡ್ವರ್ಡ್ ಕ್ಲೈವ್ ಲಡ್ಲೋ ಕೋಟೆಯನ್ನು ಬ್ರಿಟಿಷ್ ಅರಸೊತ್ತಿಗೆಯಿಂದ ಕೊಂಡುಕೊಂಡ. ಇಂದಿಗೂ ಅದು ಪೋವಿಸ್ ಅರ್ಲ್‌ಗಳ ಮನೆತನದ ಸ್ವತ್ತು. ಟೀಮ್ ನದಿಯ ದಿಣ್ಣೆಯ ಮೇಲೆ ಪಾಳುಬಿದ್ದು ನಿಂತಿದ್ದ ಆ ಕೋಟೆಯ ಒಡೆತನಕ್ಕೂ, ಕಾವೇರಿಯ ದ್ವೀಪದ ಮೇಲೆ ಹೊಸದಾಗಿ ಹಾಳಾದ ಕೋಟೆಗೂ ನಡುವೆ ಒಬ್ಬನೇ ಮನುಷ್ಯ ಇದ್ದಾನೆ. ಲಡ್ಲೋ ಕೋಟೆಯ ಹೊರ ಅಂಗಳದಲ್ಲಿ ನಿಂತಾಗ ನನಗೆ ಪ್ಲಾಂಟಾಜನೆಟ್ ಮತ್ತು ಟ್ಯೂಡರ್ ಅರಸರಿಗಿಂತ ಹೆಚ್ಚಾಗಿ ಇದೇ ನೆನಪಾಗುತ್ತದೆ. ಇಂಗ್ಲೆಂಡಿನ ಗ್ರಾಮಾಂತರದ ಶಾಂತವಾದ ಉದ್ಯಾನಗಳು, ದೊಡ್ಡ ಮನೆಗಳು ಎಲ್ಲಿಂದ ಬಂದ ಹಣದಲ್ಲಿ ನಿಂತಿವೆ ಎಂಬ ಪ್ರಶ್ನೆಯನ್ನು ನಮ್ಮವರು ಇಲ್ಲಿ ಓಡಾಡುವಾಗ ಗಟ್ಟಿಯಾಗಿಯೇ ಕೇಳಬೇಕು. ಹಾಗೆ ಕೇಳುವುದರಿಂದ ನೋಟದ ಸೊಬಗೇನೂ ಕಡಿಮೆಯಾಗುವುದಿಲ್ಲ.

ಪೋವಿಸ್‌ನಲ್ಲಿ ನೋಡಬೇಕಾದ ಮುಖ್ಯ ವಸ್ತು ಟಿಪ್ಪುವಿನ ಸಿಂಹಾಸನವನ್ನು ಅಲಂಕರಿಸಿದ್ದ ಚಿಕ್ಕ ಹುಲಿಮುಖಗಳಲ್ಲೊಂದು, ಚಿನ್ನದ್ದು, ರತ್ನಗಳನ್ನು ಕೂರಿಸಿದ್ದು. ಸಿಂಹಾಸನವನ್ನು ತುಂಡುಮಾಡಿ ಹಂಚಿದ್ದರಿಂದ ಅದರ ಭಾಗಗಳು ಬೇರೆ ಬೇರೆ ಕಡೆ ಸೇರಿವೆ. ದೊಡ್ಡ ಹುಲಿತಲೆ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಎರಡನೆಯದು ಟಿಪ್ಪುವಿನ ಡೇರೆ. ಹೂಕುಂಡಗಳ ಚಿತ್ತಾರವಿರುವ ಹತ್ತಿ ಬಟ್ಟೆಯದು. ಅದನ್ನು ಒಂದು ಕಾಲದಲ್ಲಿ ಆ ಮನೆಯವರು ತೋಟದ ಸಂತೋಷಕೂಟಗಳಿಗೆ ಬಳಸುತ್ತಿದ್ದರು. ಬೆಳಕಿಗೆ ಬಣ್ಣ ಮಾಸುವ ವಸ್ತುವಾದ್ದರಿಂದ ಎಲ್ಲ ಕಾಲದಲ್ಲೂ ಪೂರ್ಣವಾಗಿ ಕಾಣಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ಕೋಟೆ 1952ರಿಂದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿದೆ.

ಹೋಗುವುದು ಕಷ್ಟವಲ್ಲ. ಲಡ್ಲೋದಿಂದ ಶ್ರೂಸ್‌ಬರಿಗೆ ಹೋಗಿ, ಅಬರಿಸ್ಟ್‌ವಿತ್ ಕಡೆಗೆ ಹೋಗುವ ರೈಲು ಹಿಡಿದರೆ ಮುಂದಿನ ನಿಲ್ದಾಣವೇ ವೆಲ್ಷ್‌ಪೂಲ್. ಅಲ್ಲಿಂದ ಕೋಟೆ ಸುಮಾರು ಒಂದು ಮೈಲಿ, ಜಿಂಕೆಗಳಿರುವ ಉದ್ಯಾನದ ಮೂಲಕ ಏರು ದಾರಿ. ಅಮ್ಮನವರಿಗೆ ಟ್ಯಾಕ್ಸಿ ಬೇಕು. ಕೋಟೆಯ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ತೋಟವಿದೆ. ಇಳಿಯದೆ ಮೇಲಿನ ಹಂತದಿಂದಲೇ ನೋಡಿದರೂ ಅದರ ಅಂದ ಸಿಗುತ್ತದೆ.

ಸಹ್ಯಾದ್ರಿ

ಎಲ್ಲರ ಮಾತನ್ನೂ ಒಪ್ಪುತ್ತೇನೆ, ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ. ಕಾರಿಲ್ಲದವರು ಲಡ್ಲೋದಲ್ಲಿ ಉಳಿಯುವುದಕ್ಕಿಂತ ಶ್ರೂಸ್‌ಬರಿಯಲ್ಲಿ ಉಳಿಯುವುದು ಮೇಲು. ಅಲ್ಲಿಂದ ಎಲ್ಲ ದಿಕ್ಕಿಗೂ ರೈಲುಗಳಿವೆ, ಊಟದ ಆಯ್ಕೆ ಹೆಚ್ಚು, ಪೋವಿಸ್ ಹತ್ತಿರವಾಗುತ್ತದೆ. ಸೆವರ್ನ್ ನದಿ ಮೂರು ಕಡೆ ಸುತ್ತುವರಿದ ಆ ಊರು ತಾನೇ ನೋಡಲು ಯೋಗ್ಯವಾದದ್ದು. ಗ್ರಾಮಾಂತರದ ಬಸ್ಸುಗಳು ಸಂಜೆ ಬೇಗ ನಿಲ್ಲುತ್ತವೆ, ಭಾನುವಾರ ಹಲವು ಮಾರ್ಗಗಳಲ್ಲಿ ಬಸ್ಸೇ ಇರುವುದಿಲ್ಲ. ಹಿರಿಯರೊಂದಿಗೆ ಹಳ್ಳಿಯ ನಿಲುಗಡೆಯಲ್ಲಿ ಕಾಯುವ ಸ್ಥಿತಿ ಬರಬಾರದು.

ಎಲ್ಲಿಯೇ ಉಳಿದರೂ ಎರಡು ಜಾಗಗಳನ್ನು ಸೇರಿಸಿಕೊಳ್ಳಿ. ಎರಡೂ ಇದೇ ರೈಲು ಮಾರ್ಗದಲ್ಲಿವೆ. ಲಡ್ಲೋದ ಪಕ್ಕದ ನಿಲ್ದಾಣ ಕ್ರೇವನ್ ಆರ್ಮ್ಸ್. ಅಲ್ಲಿಂದ ಸುಮಾರು ಒಂದು ಮೈಲಿ ದೂರದಲ್ಲಿ ಸ್ಟೋಕ್‌ಸೇ ಕೋಟೆಯಿದೆ. ಹೆಸರು ಕೋಟೆಯಾದರೂ ಅದು ಕಾವಲಿನ ಗೋಡೆ ಕಟ್ಟಿಕೊಂಡ ಒಬ್ಬ ವ್ಯಾಪಾರಿಯ ಮನೆ. ಲಡ್ಲೋದ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ, ತನ್ನ ಕಾಲದ ಇಂಗ್ಲೆಂಡಿನ ಅತಿ ಸಿರಿವಂತ ವರ್ತಕರಲ್ಲೊಬ್ಬ, ಅದನ್ನು ಕಟ್ಟಿಸಿ 1291ರಲ್ಲಿ ಗೋಡೆಗೆ ತೆನೆ ಇಡಿಸಲು ರಾಜನ ಅಪ್ಪಣೆ ಪಡೆದ. 1294ರಲ್ಲಿ ಉಣ್ಣೆ ತುಂಬಿದ ಹಡಗಿನಲ್ಲಿ ಹೋಗುವಾಗ ಸಮುದ್ರದಲ್ಲಿ ಮುಳುಗಿ ಸತ್ತ. ಊರಿನ ಸಂತೆ ಈ ಬೆಟ್ಟಗಳ ಕುರಿಗಳ ಉಣ್ಣೆಯಿಂದಲೇ ಶ್ರೀಮಂತವಾಯಿತು ಎಂಬುದನ್ನು ಅರಿಯಲು ಅವನ ದೊಡ್ಡ ಹಜಾರದಲ್ಲಿ, ನಡುವಿನ ಒಲೆಯ ಬಳಿ ನಿಂತು ಮರದ ಮಾಡನ್ನು ನೋಡಿದರೆ ಸಾಕು.

ಅದರಾಚೆಯ ಚರ್ಚ್ ಸ್ಟ್ರೆಟನ್ ನಿಲ್ದಾಣದಿಂದ ಲಾಂಗ್ ಮಿಂಡ್ ಬೆಟ್ಟದ ಕಾರ್ಡಿಂಗ್ ಮಿಲ್ ಕಣಿವೆ ಹತ್ತಿರ. ಕಣಿವೆಯ ತಳದಲ್ಲಿ ಡಾಂಬರು ರಸ್ತೆಯೂ ಚಹಾದಂಗಡಿಯೂ ಇವೆ. ಅಮ್ಮ ಹೊಳೆಯ ಬದಿಯಲ್ಲಿ ಕುಳಿತಿರುವಾಗ ನೀವೂ ಅಪ್ಪನೂ ಮೇಲಕ್ಕೆ ಹತ್ತಿ ಬರಬಹುದು. ಇಂಗ್ಲೆಂಡಿನಲ್ಲಿ ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕರು ನಡೆಯುವ ಹಕ್ಕುಳ್ಳ ಕಾಲುದಾರಿಗಳಿವೆ. ಹಳದಿ ಬಾಣದ ಗುರುತು ನೋಡಿ ಹೋಗಿ, ನೀವು ತೆರೆದ ಗೇಟನ್ನು ದಾಟಿದ ಮೇಲೆ ಮುಚ್ಚಿ, ಮೇ ತಿಂಗಳಲ್ಲಿ ಮರಿಗಳಿರುವ ಕುರಿಗಳಿಂದಲೂ ಕರುಗಳಿರುವ ಹಸುಗಳಿಂದಲೂ ದೂರವಿರಿ. ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಗಳಲ್ಲಿ 203ನೆಯದು ಲಡ್ಲೋ ಸುತ್ತಿನದು, 217ನೆಯದು ಲಾಂಗ್ ಮಿಂಡ್‌ನದು. ಬೆಟ್ಟಗಳ ನಡುವೆ ಫೋನಿನ ಸಿಗ್ನಲ್ ಸಿಗದ ಕಡೆ ಕಾಗದದ ನಕ್ಷೆಯೇ ಗತಿ.

ಗಡಿನಾಡು

ಸಹ್ಯಾದ್ರಿ ಅವರ ಮಾತಿನಲ್ಲಿ ಅನುಕೂಲದ ದೃಷ್ಟಿಯಿಂದ ಸತ್ಯವಿದೆ. ಆದರೂ ನಾನು ಲಡ್ಲೋದಲ್ಲೇ ಉಳಿಯಿರಿ ಎನ್ನುತ್ತೇನೆ. ಹಗಲು ಬಂದವರು ಐದು ಗಂಟೆಗೆ ಹೊರಟುಹೋಗುತ್ತಾರೆ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಬ್ರಾಡ್ ಸ್ಟ್ರೀಟ್‌ನಲ್ಲಿ ಆ ಹೊತ್ತು ವಾಹನ ಕಡಿಮೆ, ಗುಂಪು ಇಲ್ಲ, ಅಮ್ಮನವರು ತಮ್ಮ ವೇಗದಲ್ಲಿ ನಡೆಯಬಹುದು. ಬೀದಿ ಇಳಿಜಾರಾದ್ದರಿಂದ ಅವರು ಬಟರ್‌ಕ್ರಾಸ್ ಕಡೆಯಿಂದ ಅರ್ಧದವರೆಗೆ ಮಾತ್ರ ಇಳಿದು ಮರಳಲಿ. ಊರಿನ ಸ್ವರೂಪ ತಿಳಿಯುವುದು ಆ ಎರಡು ಮೂರು ಗಂಟೆಗಳಲ್ಲೇ. ಕೋಣೆಯನ್ನು ನೆಲಮಹಡಿಯಲ್ಲೇ ಕೇಳಿ ಪಡೆಯಿರಿ, ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ, ಮೆಟ್ಟಿಲುಗಳು ಕಡಿದು ಮತ್ತು ವಕ್ರ.

ಊಟದ ವಿಷಯ. ಲಡ್ಲೋ ಆಹಾರಕ್ಕೆ ಹೆಸರಾದ ಊರು. ಕೋಟೆಯಲ್ಲಿ 1995ರಿಂದ ಆಹಾರೋತ್ಸವ ನಡೆದುಬಂದಿದೆ, ಸೆಪ್ಟೆಂಬರ್‌ನಲ್ಲಿ. ಆದರೆ ಅದರ ಹೆಸರು ಹೆಚ್ಚಾಗಿ ಮಾಂಸಕ್ಕೆ ಸಂಬಂಧಿಸಿದ್ದು. ಸಸ್ಯಾಹಾರ ಸಿಗದೆ ಇರುವುದಿಲ್ಲ, ಎಚ್ಚರಿಕೆ ಮಾತ್ರ ಬೇಕು. ಸಾಂಪ್ರದಾಯಿಕ ಚೀಸುಗಳಲ್ಲಿ ಕೆಲವನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ. ಸಂತೆಯಲ್ಲಿ ಕೇಳಿದರೆ ಮಾರುವವರು ಸಂಕೋಚವಿಲ್ಲದೆ ಹೇಳುತ್ತಾರೆ, ಸಸ್ಯಜನ್ಯ ಹೆಪ್ಪಿನವೂ ಧಾರಾಳವಾಗಿವೆ. ಕೆಲವು ಅಂಗಡಿಗಳು ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತವೆ, ಕೆಲವು ಹಬೆಯಲ್ಲಿ ಬೇಯಿಸಿದ ಪುಡ್ಡಿಂಗ್‌ಗಳಲ್ಲೂ ಅದೇ ಕೊಬ್ಬು ಇರುತ್ತದೆ; ಕೊಳ್ಳುವ ಮೊದಲು ವಿಚಾರಿಸಿ. ಅಡುಗೆಮನೆಯಿರುವ ವಸತಿ ಸಿಕ್ಕರೆ ಅದನ್ನೇ ಆರಿಸಿ, ಬೆಳಿಗ್ಗೆ ಸಂತೆಯಲ್ಲಿ ಕೊಂಡ ತರಕಾರಿಯಲ್ಲಿ ರಾತ್ರಿ ಅನ್ನ ಸಾರು ಮಾಡಿಕೊಳ್ಳಬಹುದು. ಸಾರಿನ ಪುಡಿ ಶಿವಮೊಗ್ಗದಿಂದಲೇ ಬರಲಿ.

ಕ್ರಮ ಹೀಗಿರಲಿ: ಗುರುವಾರ ಮಧ್ಯಾಹ್ನ ಬಂದು ಸಂಜೆ ಡಿನ್ಹಮ್ ಸೇತುವೆ ಮತ್ತು ವಿಟ್‌ಕ್ಲಿಫ್, ಶುಕ್ರವಾರ ಸಂತೆ, ಚರ್ಚು, ಕೋಟೆ, ಶನಿವಾರ ಬೆಳಿಗ್ಗೆಯ ರೈಲಿಗೆ ಪೋವಿಸ್. ಭಾನುವಾರ ಮರಳುವ ದಾರಿಯಲ್ಲಿ ಕ್ರೇವನ್ ಆರ್ಮ್ಸ್‌ನಲ್ಲಿ ಇಳಿದು ಸ್ಟೋಕ್‌ಸೇ ನೋಡಿಕೊಂಡು ಹೋಗಬಹುದು. ಆದರೆ ಆ ನಿಲ್ದಾಣದಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ, ಭಾನುವಾರ ಇನ್ನೂ ಕಡಿಮೆ, ಮತ್ತು ಸಾಮಾನು ಇಡಲು ಅಲ್ಲಿ ವ್ಯವಸ್ಥೆಯಿದೆಯೆಂದು ಭಾವಿಸಬೇಡಿ. ಭಾರದ ಚೀಲಗಳಿದ್ದರೆ ಸ್ಟೋಕ್‌ಸೇಯನ್ನು ಶುಕ್ರವಾರ ಮಧ್ಯಾಹ್ನಕ್ಕೆ ತಂದು, ಕೋಟೆಯನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮೇ ತಿಂಗಳ ಮೊದಲ ಸೋಮವಾರ ಮತ್ತು ಕೊನೆಯ ಸೋಮವಾರ ಇಲ್ಲಿ ಸಾರ್ವಜನಿಕ ರಜೆ, ಆ ವಾರಾಂತ್ಯಗಳಲ್ಲಿ ಕೋಣೆಯ ಬಾಡಿಗೆ ಏರುತ್ತದೆ, ರೈಲುಗಳು ತುಂಬಿರುತ್ತವೆ. ನಡುವಿನ ಎರಡು ವಾರಗಳಲ್ಲಿ ಬನ್ನಿ. ವಿಟ್‌ಕ್ಲಿಫ್ ಹಿಂದಿನ ಮಾರ್ಟಿಮರ್ ಅರಣ್ಯದಲ್ಲಿ ಆಗ ನೀಲಿ ಗಂಟೆಹೂಗಳು ಇನ್ನೂ ಉಳಿದಿರುವ ಸಂಭವವಿದೆ. ಅದೃಷ್ಟವಿದ್ದರೆ ಆ ಕಾಡಿನಲ್ಲಿ ಮಾತ್ರ ಕಾಣುವ ಉದ್ದಕೂದಲಿನ ಜಿಂಕೆಯೂ ತಂದೆಯವರ ಕಣ್ಣಿಗೆ ಬಿದ್ದೀತು.